ಪಾಸ್‌ಪೋರ್ಟ್ ಜೆರ್ಮಾಟ್‌ನಲ್ಲಿತ್ತು: ಸ್ಕೀ ಟೂರಿಂಗ್‌ನ ಕೊನೆಯ ದಿನದ ಒಂದು ಪ್ರಕರಣ

ಈ ಪ್ರಕರಣದಲ್ಲಿ ಯಾರೂ ಸಾಯಲಿಲ್ಲ, ಯಾರಿಗೂ ಗಾಯವಾಗಲಿಲ್ಲ. ಅದಕ್ಕೇ ಇದನ್ನು ಬರೆದಿಡಬೇಕು ಅನ್ನಿಸಿತು. ಅಪಘಾತವಾದರೆ ವರದಿ ಬರುತ್ತದೆ, ತನಿಖೆ ಆಗುತ್ತದೆ, ಎಲ್ಲರೂ ಓದುತ್ತಾರೆ. ಅರ್ಧ ದಾರಿಯಿಂದ ವಾಪಸ್ ಬಂದವರು ಹೇಗೆ ವಾಪಸ್ ಬಂದರು, ಯಾವ ಮಾತಿಗೆ ಮನಸ್ಸು ತಿರುಗಿತು ಅನ್ನುವುದು ಮಾತ್ರ ಎಲ್ಲೂ ದಾಖಲಾಗುವುದಿಲ್ಲ. ನಾನೂ ಆ ತಂಡದಲ್ಲಿದ್ದೆ. ಉಳಿದ ನಾಲ್ವರ ಜೊತೆ ಆಮೇಲೆ ಒಬ್ಬೊಬ್ಬರಾಗಿ ಕೂತು ಮಾತಾಡಿ, ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ದೇಶ, ವರ್ಷ ಬಿಟ್ಟಿದ್ದೇನೆ.

ಹಿನ್ನೆಲೆ

ಸ್ಕೀ ಟೂರಿಂಗ್ ನೋಡದವರಿಗೆ ಎರಡು ಮಾತು. ಇಲ್ಲಿ ಮೇಲೆ ಹತ್ತಲು ಲಿಫ್ಟ್ ಇರುವುದಿಲ್ಲ. ಸ್ಕೀಯ ಅಡಿಗೆ ಸ್ಕಿನ್ ಅಂತ ಒಂದು ಪಟ್ಟಿ ಅಂಟಿಸುತ್ತಾರೆ. ಅದರ ರೋಮ ಒಂದೇ ದಿಕ್ಕಿಗೆ ಮಲಗಿರುವುದರಿಂದ ಸ್ಕೀ ಮುಂದೆ ಜಾರುತ್ತದೆ, ಹಿಂದೆ ಜಾರುವುದಿಲ್ಲ. ಹಿಮ್ಮಡಿ ಸಡಿಲ ಬಿಟ್ಟುಕೊಂಡು ನಡೆಯುತ್ತಾ ಹತ್ತಬೇಕು. ಮೇಲೆ ಹೋದ ಮೇಲೆ ಸ್ಕಿನ್ ಕಿತ್ತು, ಹಿಮ್ಮಡಿ ಬಿಗಿದು ಇಳಿಯಬೇಕು. ರಾತ್ರಿ ಬೆಟ್ಟದ ಮೇಲಿನ ಹಟ್‌ಗಳಲ್ಲಿ ಮಲಗಿ, ದಿನಕ್ಕೊಂದು ಕಣಿವೆ ದಾಟಿ ಹೋಗುವುದು.

ಇಂಥ ದಾರಿಗಳಲ್ಲಿ ಎಲ್ಲಕ್ಕಿಂತ ಹೆಸರುವಾಸಿಯಾದದ್ದು ಓಟ್ ರೂಟ್. ಫ್ರಾನ್ಸ್‌ನ ಶಾಮೊನಿಯಿಂದ ಸ್ವಿಟ್ಜರ್ಲೆಂಡ್‌ನ ಜೆರ್ಮಾಟ್‌ವರೆಗೆ. 1860ರ ದಶಕದಲ್ಲಿ ಬ್ರಿಟಿಷ್ ಆಲ್ಪೈನ್ ಕ್ಲಬ್‌ನವರು ಬೇಸಿಗೆಯಲ್ಲಿ ನಡೆದ ದಾರಿ ಇದು. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಸ್ಕೀ ಮೇಲೂ ಶುರುವಾಯಿತು. ಸಾಮಾನ್ಯವಾಗಿ ಆರೇಳು ದಿನ ಬೇಕು.

ಕೊನೆಯ ದಿನವೇ ಎಲ್ಲಕ್ಕಿಂತ ಉದ್ದ. ಸುಮಾರು 3,160 ಮೀಟರ್ ಎತ್ತರದಲ್ಲಿ, ಬಂಡೆಯ ಅಂಚಿನ ಮೇಲೆ ಕೂತಿರುವ ವಿನ್ಯೆಟ್ ಹಟ್‌ನಿಂದ ನಸುಕಿನಲ್ಲೇ ಹೊರಡಬೇಕು. ಮೂರು ಪಾಸ್, ಅಂದರೆ ಶಿಖರಗಳ ನಡುವಿನ ತಗ್ಗು, ದಾಟಬೇಕು. ಮೊದಲನೆಯದು ಕೋಲ್ ದ ಲೆವೆಕ್, ಸುಮಾರು 3,390 ಮೀಟರ್. ಆಮೇಲೆ ಕೋಲ್ ದ್ಯು ಮೋಂ ಬ್ರೂಲೆ, 3,200 ಚಿಲ್ಲರೆ. ಕೊನೆಗೆ ಕೋಲ್ ದ ವಾಲ್‌ಪೆಲೀನ್, 3,550 ದಾಟುತ್ತದೆ. ಅಲ್ಲಿಂದ ಸ್ಟೋಕ್ಯಿ ಹಿಮನದಿಯ ಬಿರುಕುಗಳ ನಡುವೆ, ಮ್ಯಾಟರ್‌ಹಾರ್ನ್‌ನ ಉತ್ತರ ಗೋಡೆಯ ಕೆಳಗೆ, 1,608 ಮೀಟರ್‌ನಲ್ಲಿರುವ ಜೆರ್ಮಾಟ್‌ಗೆ ಇಳಿಯುವುದು. ಒಟ್ಟು ಹತ್ತಿರಹತ್ತಿರ ಮೂವತ್ತು ಕಿಲೋಮೀಟರ್.

ಈ ಪ್ರಕರಣಕ್ಕೆ ಮುಖ್ಯವಾದ ಸಂಗತಿ ಒಂದಿದೆ. ಮೊದಲ ಪಾಸ್ ಇಳಿದು ಎರಡನೆಯದರ ಬುಡಕ್ಕೆ ಬಂದಾಗ ಮೇಲಿನ ಅರೋಲಾ ಹಿಮನದಿಯ ಮೇಲೆ ನಿಂತಿರುತ್ತೀರಿ. ಅಲ್ಲಿಂದ ಎಡಕ್ಕೆ ತಿರುಗಿದರೆ ಹಿಮನದಿಯ ಜೊತೆಗೇ ಇಳಿದು ಅರೋಲಾ ಅನ್ನುವ ಸಣ್ಣ ಹಳ್ಳಿ ಸೇರಬಹುದು. ಎರಡನೇ ಪಾಸ್ ದಾಟಿದಿರೋ, ಇಟಲಿ ಬದಿಯ ಟ್ಸಾ ದ ಟ್ಸಾನ್ ಹಿಮನದಿ ಸಿಗುತ್ತದೆ. ಅಲ್ಲಿಂದ ಸುಲಭವಾಗಿ ವಾಪಸ್ ಬರುವ ದಾರಿ ಇಲ್ಲ. ಅಂದರೆ ಆ ದಿನದ ತೀರ್ಮಾನ ನಿಜವಾಗಿ ನಡೆಯಬೇಕಾದದ್ದು ಮೋಂ ಬ್ರೂಲೆಯ ಬುಡದಲ್ಲಿ.

ತಂಡದಲ್ಲಿ ಐದು ಜನ. ಅರವತ್ತು ದಾಟಿದ ಒಬ್ಬರು ಮುಂದಾಳು. ವೃತ್ತಿಯ ಗೈಡ್ ಅಲ್ಲ, ಆದರೆ ಈ ದಾರಿಯಲ್ಲಿ ಹಲವು ಸಲ ಓಡಾಡಿದವರು. ಒಬ್ಬ ಡಾಕ್ಟರ್, ನಲವತ್ತರ ಹೆಂಗಸು, ಮಾತು ಕಡಿಮೆ. ಬೇರೆ ಖಂಡದಿಂದ ವಿಮಾನದಲ್ಲಿ ಬಂದಿದ್ದ ಗಂಡ ಹೆಂಡತಿ, ಇಬ್ಬರೂ ಗಟ್ಟಿ ಸ್ಕೀಯರ್‌ಗಳು. ಐದನೆಯವನು ನಾನು.

ಸಮಸ್ಯೆ

ವಸಂತದ ಹಿಮ ದಿನಕ್ಕೆ ಎರಡು ಸಲ ಬದಲಾಗುತ್ತದೆ. ಹಗಲು ಬಿಸಿಲಿಗೆ ಕರಗುತ್ತದೆ, ರಾತ್ರಿ ಹೆಪ್ಪುಗಟ್ಟುತ್ತದೆ. ಬೆಳಗಿನ ಜಾವ ಕಲ್ಲಿನಷ್ಟು ಗಟ್ಟಿ. ಬಿಸಿಲು ಬಿದ್ದು ಮೇಲಿನ ಒಂದೆರಡು ಸೆಂಟಿಮೀಟರ್ ಮೆತ್ತಗಾದಾಗ ಸ್ಕೀ ಮಾಡಲು ಅದರಷ್ಟು ಸುಖ ಬೇರೆ ಇಲ್ಲ. ಇನ್ನೂ ಹೊತ್ತಾದರೆ ನೀರು ಒಳಗಿಳಿದು ಪದರಗಳ ಹಿಡಿತ ಬಿಡುತ್ತದೆ, ಒದ್ದೆ ಹಿಮ ಕುಸಿಯುತ್ತದೆ. ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಮೊದಲು, ದಕ್ಷಿಣದ್ದು ಆಮೇಲೆ, ಪಶ್ಚಿಮದ್ದು ಕೊನೆಗೆ. ಬೇಗ ಎದ್ದು ಬೇಗ ಮುಗಿಸಿ ಅನ್ನುವುದು ಇದಕ್ಕೇ.

ಆದರೆ ಈ ಲೆಕ್ಕವೆಲ್ಲ ರಾತ್ರಿ ಹಿಮ ಗಟ್ಟಿಯಾಗಿದ್ದರೆ ಮಾತ್ರ. ಆಕಾಶ ತೆರೆದಿದ್ದರೆ ಹಿಮದ ಮೈಯಿಂದ ಶಾಖ ಮೇಲೆ ಹೊರಟುಹೋಗುತ್ತದೆ. ಗಾಳಿ ಸೊನ್ನೆಗಿಂತ ಒಂದೆರಡು ಡಿಗ್ರಿ ಬೆಚ್ಚಗಿದ್ದರೂ ಹಿಮ ಹೆಪ್ಪುಗಟ್ಟುವುದುಂಟು. ಮೋಡ ಮುಚ್ಚಿದ್ದರೆ ಕಂಬಳಿ ಹೊದೆಸಿದ ಹಾಗೆ. ಶಾಖ ಅಲ್ಲೇ ಉಳಿಯುತ್ತದೆ, ಹಿಮ ಬೆಳಗಾದರೂ ಕೊಳಕೊಳ.

ದಾವೋಸ್‌ನಲ್ಲಿರುವ ಹಿಮ ಮತ್ತು ಹಿಮಕುಸಿತ ಸಂಶೋಧನಾ ಸಂಸ್ಥೆ ಎಸ್‌ಎಲ್‌ಎಫ್ ಚಳಿಗಾಲದ ಋತುವಿನಲ್ಲಿ ದಿನಾ ಸಂಜೆ 5ಕ್ಕೆ ಮುನ್ಸೂಚನೆ ಕೊಡುತ್ತದೆ. ಬೆಳಿಗ್ಗೆ 8ಕ್ಕೆ ಪರಿಷ್ಕರಿಸುತ್ತದೆ. ಬೆಳಿಗ್ಗೆ 5ಕ್ಕೆ ಹೊರಡುವವರ ಕೈಯಲ್ಲಿರುವುದು ಹಿಂದಿನ ಸಂಜೆಯದ್ದೇ. ನಮಗೆ ಸಿಕ್ಕಿದ್ದರಲ್ಲಿ ಹೀಗಿತ್ತು: ಬೆಳಿಗ್ಗೆ ಐದು ಹಂತಗಳಲ್ಲಿ ಎರಡನೆಯ ಹಂತದ ಅಪಾಯ, ಹೊತ್ತೇರಿದಂತೆ ಒದ್ದೆ ಹಿಮದಿಂದ ಮೂರನೆಯ ಹಂತ. ಹವಾಮಾನದವರು ಮೋಡ ನಡುರಾತ್ರಿಗೆ ಚದುರುತ್ತದೆ ಅಂದಿದ್ದರು. ಸೊನ್ನೆ ಡಿಗ್ರಿಯ ಗೆರೆ, ಅಂದರೆ ಗಾಳಿ ಸೊನ್ನೆಗಿಳಿಯುವ ಎತ್ತರ, 3,400 ಮೀಟರ್ ಆಸುಪಾಸು.

ಇದಿಷ್ಟು ಹಿಮದ ಸಮಸ್ಯೆ. ಇನ್ನೊಂದು ಸಮಸ್ಯೆ ನಾವು ತಿಂಗಳುಗಳ ಮುಂಚೆಯೇ ಮಾಡಿಟ್ಟಿದ್ದೆವು. ದೊಡ್ಡ ಬ್ಯಾಗ್‌ಗಳನ್ನೆಲ್ಲ ಶಾಮೊನಿಯಿಂದ ಗಾಡಿಯಲ್ಲಿ ನೇರ ಜೆರ್ಮಾಟ್‌ನ ಹೋಟೆಲ್‌ಗೆ ಕಳಿಸಿದ್ದೆವು. ಗಂಡ ಹೆಂಡತಿಯ ಪಾಸ್‌ಪೋರ್ಟ್ ಆ ಬ್ಯಾಗ್‌ನಲ್ಲಿತ್ತು. ಅವರ ವಿಮಾನ ಮರುದಿನ ಮಧ್ಯಾಹ್ನ. ಹೋಟೆಲ್ ಒಂದೇ ರಾತ್ರಿಗೆ. ಕೈಯಲ್ಲಿ ಒಂದು ದಿನವೂ ಹೆಚ್ಚಿಗೆ ಇರಲಿಲ್ಲ. ಎಲ್ಲ ಸರಿಯಾಗಿ ನಡೆದರೆ ಇದು ಜಾಣ ಏರ್ಪಾಡು, ಅಲ್ವಾ? ಬಹಳ ತಂಡಗಳು ಹೀಗೇ ಮಾಡುತ್ತವೆ.

ಏನು ಮಾಡಿದೆವು

ರಾತ್ರಿ ಎರಡು ಗಂಟೆಗೆ ಡಾಕ್ಟರ್ ಎದ್ದು ಹೊರಗೆ ಹೋದರು. ಒಂದೂ ನಕ್ಷತ್ರ ಕಾಣಲಿಲ್ಲ. ಗೋಡೆಗೆ ಒರಗಿಸಿದ್ದ ಸ್ಕೀ ಕೋಲು ತೆಗೆದು ಹಿಮಕ್ಕೆ ಒತ್ತಿದರು. ಮೇಲೆ ತೆಳ್ಳಗೆ ಒಂದು ಪೊರೆ, ಚಟ್ಟನೆ ಒಡೆಯಿತು. ಕೋಲು ಹಿಡಿಯವರೆಗೂ ಒಳಗೆ ಹೋಯಿತು. ನಾಲ್ಕು ಗಂಟೆಗೆ ಮತ್ತೆ ಹೋಗಿ ನೋಡಿದರು. ಅದೇ ಕಥೆ.

ತಿಂಡಿಗೆ ಕೂತಾಗ ಇದನ್ನು ಹೇಳಿದರು. ಬ್ರೆಡ್ಡು, ಜಾಮು, ಬಿಸಿ ಚಹಾ, ಸುತ್ತ ಬೇರೆ ತಂಡಗಳ ಗಡಿಬಿಡಿ. ಮುಂದಾಳು ತಲೆ ಎತ್ತದೆ, "ಇದು ಹಟ್ ಸುತ್ತಮುತ್ತ ಮಾತ್ರ. ಜನ ತುಳಿದು ಕಲಸಿದ ಹಿಮ. ಮೇಲೆ ಗಟ್ಟಿ ಇರುತ್ತೆ" ಅಂದರು. ಅದು ಸುಳ್ಳೇನಲ್ಲ. ಹಾಗೆ ಇರುವುದುಂಟು.

ಇಲ್ಲಿ ವಾದ ಬೆಳೆಯಬಹುದಿತ್ತು. ಬೆಳೆಯಲಿಲ್ಲ, ಯಾಕೆಂದರೆ ಡಾಕ್ಟರ್ "ಹೋಗೋದು ಬೇಡ" ಅನ್ನಲಿಲ್ಲ. "ಮೋಂ ಬ್ರೂಲೆ ಬುಡದವರೆಗೆ ಹೋಗೋಣ. ಅಲ್ಲಿವರೆಗೆ ಎರಡು ದಾರಿಯೂ ತೆರೆದಿರುತ್ತೆ. ಎಂಟೂವರೆ ಒಳಗೆ ಅಲ್ಲಿ ಮುಟ್ಟಬೇಕು, ಹಿಮ ಭಾರ ತಾಳಬೇಕು. ಎರಡರಲ್ಲಿ ಒಂದು ತಪ್ಪಿದರೂ ಅರೋಲಾಗೆ ಇಳಿಯೋಣ" ಅಂದರು. ಮುಂದಾಳು ಒಪ್ಪಿದರು. ಗಂಡ ಹೆಂಡತಿಯೂ ಹೂಂ ಅಂದರು. ಚಹಾ ಮುಗಿಯುವ ಮುಂಚೆ ಎಲ್ಲರ ಬಾಯಲ್ಲೂ ಅದೇ ಮಾತು ಬಂದಿತ್ತು: ಎಂಟೂವರೆ.

ಐದೂ ಕಾಲಿಗೆ ಹೊರಟೆವು. ಮೊದಲ ಏರು ಮೆಲ್ಲನೆಯದು. ಸ್ಕೀ ಮೇಲೆ ಭಾರ ಹರಡುವುದರಿಂದ ಪೊರೆ ತಡೆದುಕೊಂಡಿತು. "ನೋಡಿ, ಗಟ್ಟಿ ಇದೆ" ಅಂತ ಗಂಡ ಖುಷಿಯಾಗಿ ಹೇಳಿದರು. ಮೇಲಿನ ಪಾಸ್‌ನಲ್ಲಿ ಸ್ಕಿನ್ ಕೀಳಲು ಸ್ಕೀ ಬಿಚ್ಚಿ ಕಾಲಿಟ್ಟೆವು. ಮೊಣಕಾಲುದ್ದ ಹೂತುಹೋಯಿತು. ಯಾರೂ ಏನೂ ಹೇಳಲಿಲ್ಲ. 3,390 ಮೀಟರ್‌ನಲ್ಲೂ ಹಿಮ ರಾತ್ರಿ ಗಟ್ಟಿಯಾಗಿಲ್ಲ ಅನ್ನುವುದು ಅಲ್ಲೇ ಸಾಬೀತಾಗಿತ್ತು. ಆಮೇಲೆ ಕೇಳಿದಾಗ ನಾಲ್ವರೂ "ನನಗೆ ಅಲ್ಲೇ ಗೊತ್ತಾಗಿತ್ತು" ಅಂದರು.

ಇಳಿಯುವಾಗ ಪೊರೆ ಒಡೆದು ಸ್ಕೀ ಒಳಗೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಹೆಂಡತಿ ಎರಡು ಸಲ ಬಿದ್ದರು. ಅವರ ಒಂದು ಸ್ಕಿನ್‌ನ ಅಂಟೂ ಒದ್ದೆಯಾಗಿ ಹಿಡಿಯದಾಗಿತ್ತು. ಟೇಪ್ ಸುತ್ತಿ ಸರಿಮಾಡುವಷ್ಟರಲ್ಲಿ ಹೊತ್ತು ಹೋಯಿತು. ಮೋಂ ಬ್ರೂಲೆ ಬುಡಕ್ಕೆ ಬಂದಾಗ ಎಂಟು ಐವತ್ತು.

ತಿರುವು

ಎದುರಿಗೆ ಕಡಿದಾದ ಗೋಡೆ. ಪಶ್ಚಿಮಕ್ಕೆ ಮುಖ ಮಾಡಿದ್ದರಿಂದ ಅದರ ಮೇಲೆ ಇನ್ನೂ ನೆರಳು. ನಮಗಿಂತ ಮುಂಚೆ ಹೊರಟಿದ್ದ ಎರಡು ತಂಡಗಳು ಸ್ಕೀಗಳನ್ನು ಬೆನ್ನಿಗೆ ಕಟ್ಟಿ ಸಾಲಾಗಿ ಹತ್ತುತ್ತಿದ್ದವು. ಮೆಟ್ಟಿಲು ಕಡಿದಿಟ್ಟ ಹಾಗೆ ಹೆಜ್ಜೆಗಳು ತಯಾರಾಗಿದ್ದವು.

ಎಂಟೂವರೆ ದಾಟಿತ್ತು. ಹಿಮ ಭಾರ ತಾಳುತ್ತಿರಲಿಲ್ಲ. ಎರಡೂ ಷರತ್ತು ಮುರಿದಿದ್ದವು. ಆದರೂ ಯಾರೂ "ಸರಿ, ಇಳಿಯೋಣ" ಅನ್ನಲಿಲ್ಲ. ಮುಂದಾಳು ನೀರು ಕುಡಿದು ಮೇಲೆ ನೋಡುತ್ತಾ, "ಇಪ್ಪತ್ತು ನಿಮಿಷ ತಾನೇ. ಈ ಗೋಡೆ ನೆರಳಲ್ಲಿದೆ, ಹೆಜ್ಜೆ ಇವೆ, ಒಂದು ಗಂಟೆಯ ಕೆಲಸ" ಅಂದರು. ಗಂಡ ತಕ್ಷಣ, "ಪಾಸ್‌ಪೋರ್ಟ್ ಅಲ್ಲಿದೆ. ನಾಳೆ ಮಧ್ಯಾಹ್ನ ವಿಮಾನ. ನಮಗೆ ಬೇರೆ ದಾರಿ ಇಲ್ಲ" ಅಂದರು. ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುಳು ಆ ಕೊನೆಯ ಮಾತಿನಲ್ಲಿದೆ. ಕಣ್ಣೆದುರಿಗೇ ಬೇರೆ ದಾರಿ ಇತ್ತು, ಹಿಮನದಿಯ ಜೊತೆ ಅಗಲವಾಗಿ ಕೆಳಗೆ ಹೋಗುತ್ತಿತ್ತು. ಆದರೆ ಅವರ ಮನಸ್ಸಿನ ನಕ್ಷೆಯಲ್ಲಿ ಅದು ಜೆರ್ಮಾಟ್‌ಗೆ ಹೋಗುವ ದಾರಿಯೇ ಆಗಿರಲಿಲ್ಲ.

ಡಾಕ್ಟರ್ ಎದುರಿಗಿದ್ದ ಗೋಡೆಯ ಬಗ್ಗೆ ಮಾತಾಡಲೇ ಇಲ್ಲ. ಸ್ಕೀ ಕೋಲಿನ ತುದಿಯಿಂದ ಹಿಮದ ಮೇಲೆ ಅಂಕಿ ಬರೆದರು. 10. ಅಂದರೆ ಈ ಪಾಸ್‌ನ ಮೇಲೆ. ಅದರ ಕೆಳಗೆ 12:45, ವಾಲ್‌ಪೆಲೀನ್ ತುದಿ. ಅದರ ಕೆಳಗೆ 1:30, ಸ್ಟೋಕ್ಯಿಯ ಬಿರುಕುಗಳು, ಅವುಗಳ ಮೇಲೆ ಹಿಮ ಮುಚ್ಚಿ ಆದ ಸೇತುವೆಗಳು. ಅದರ ಕೆಳಗೆ 2:30, ಹಿಮನದಿಯ ಬದಿಯ ಕಡಿದಾದ ತಗ್ಗು ಇಳಿಜಾರುಗಳು. ಅಂಕಿಗಳು ಒದ್ದೆ ಹಿಮದಲ್ಲಿ ಅಚ್ಚೊತ್ತಿದ ಹಾಗೆ ನಿಂತವು. "ಈ ಗೋಡೆ ಹತ್ತಬಹುದು, ನಾನೂ ಒಪ್ತೀನಿ. ರಾತ್ರಿ ಗಟ್ಟಿಯಾಗದ ಹಿಮಸೇತುವೆ ಮೇಲೆ ಮಧ್ಯಾಹ್ನ ಒಂದೂವರೆಗೆ ಸ್ಕೀ ಮಾಡ್ತೀರಾ? ಅದನ್ನು ಹೇಳಿ" ಅಂತ ಮುಂದಾಳನ್ನು ಕೇಳಿದರು.

ಅವರು ಅಂಕಿಗಳನ್ನು ನೋಡುತ್ತಾ ನಿಂತರು. ಆಮೇಲೆ ಒಬ್ಬರೇ ಗೋಡೆಯ ಬುಡಕ್ಕೆ ಹೋಗಿ, ತುಳಿದ ಹೆಜ್ಜೆಗಳ ಪಕ್ಕದಲ್ಲಿ, ಯಾರೂ ಮುಟ್ಟದ ಹಿಮದಲ್ಲಿ ಕಾಲಿಟ್ಟರು. ತೊಡೆವರೆಗೆ ಹೋಯಿತು. ವಾಪಸ್ ಬಂದು ಏನೂ ಹೇಳಲಿಲ್ಲ.

ಆಗ ಡಾಕ್ಟರ್ ಗಂಡನ ಕಡೆ ತಿರುಗಿದರು. ಹಿಂದಿನ ರಾತ್ರಿ ಹಟ್ ನೋಡಿಕೊಳ್ಳುವಾಕೆಯನ್ನು ಕೇಳಿ ತಿಳಿದುಕೊಂಡಿದ್ದನ್ನು ಹೇಳಿದರು. ಅರೋಲಾದಿಂದ ಮಧ್ಯಾಹ್ನ ಬಸ್ ಇದೆ. ಲೆ ಓದೆರ್‌ನಲ್ಲಿ ಬದಲಿಸಿ ಸಿಯೋನ್. ಅಲ್ಲಿಂದ ರೈಲಿನಲ್ಲಿ ಫಿಸ್ಪ್, ಫಿಸ್ಪ್‌ನಿಂದ ಇನ್ನೊಂದು ರೈಲಿನಲ್ಲಿ ಜೆರ್ಮಾಟ್. ಸುಮಾರು ನಾಲ್ಕು ಗಂಟೆಯ ಪ್ರಯಾಣ. "ರಾತ್ರಿ ಊಟದ ಹೊತ್ತಿಗೆ ನಿಮ್ಮ ಪಾಸ್‌ಪೋರ್ಟ್ ನಿಮ್ಮ ಕೈಯಲ್ಲಿರುತ್ತೆ."

ಗಂಡ ಸ್ವಲ್ಪ ಹೊತ್ತು ಸುಮ್ನೆ ನಿಂತು, "ಇದನ್ನ ಮುಂಚೆನೇ ಹೇಳಬಾರದಿತ್ತಾ?" ಅಂದರು. ಹೆಂಡತಿ ಆಗಲೇ ಸ್ಕಿನ್ ಕೀಳಲು ಶುರುಮಾಡಿದ್ದರು. ಮುಂದಾಳು, "ಎಡಕ್ಕೆ. ಐವತ್ತು ಮೀಟರ್ ಅಂತರ. ಬೇಗ" ಅಂದರು. ಬುಡ ಮುಟ್ಟಿ ಆಗಲೇ ಇಪ್ಪತ್ತೈದು ನಿಮಿಷವಾಗಿತ್ತು.

ಏನಾಯಿತು

ವಾಪಸ್ ದಾರಿಯೂ ಪೂರ್ತಿ ಸುರಕ್ಷಿತವಲ್ಲ. ಕೆಳಗೆ ಹೋದಂತೆ ಕಣಿವೆ ಕಿರಿದಾಗುತ್ತದೆ. ಮೋಂ ಕೊಲೋಂ ಶಿಖರದ ಬದಿಯ ಪೂರ್ವಮುಖದ ಇಳಿಜಾರುಗಳಿಗೆ ಬೆಳಿಗ್ಗೆ ಬೇಗನೆ ಬಿಸಿಲು ಬಿದ್ದಿತ್ತು. ಬಂಡೆಗಳ ಕೆಳಗಿಂದ ಸಣ್ಣ ಹಿಮದುಂಡೆಗಳು ಉರುಳಿ ಗೆರೆ ಬಿಟ್ಟಿದ್ದವು. ಒದ್ದೆ ಹಿಮ ಸಡಿಲವಾಗುತ್ತಿದೆ ಅನ್ನಲು ಅದಕ್ಕಿಂತ ಸ್ಪಷ್ಟ ಗುರುತು ಬೇಡ. ಒಂದು ಕಡೆ ಹಳೆಯ ಕುಸಿತದ ಮುದ್ದೆಗಳು ದಾರಿಗೆ ಅಡ್ಡ ಬಿದ್ದಿದ್ದವು. ಒಬ್ಬೊಬ್ಬರಾಗಿ ದಾಟಿದೆವು, ಎಲ್ಲೂ ನಿಲ್ಲಲಿಲ್ಲ. ಅರ್ಧ ಗಂಟೆ ಜಾಸ್ತಿ ವಾದ ಮಾಡಿದ್ದರೆ ಈ ದಾರಿಯೂ ಕಷ್ಟವಾಗುತ್ತಿತ್ತು. ಕೊನೆಯ ತುಂಡಿನಲ್ಲಿ ಹಿಮವೇ ಮುಗಿದು, ಸ್ಕೀ ಹೊತ್ತು ಕೆಸರಿನಲ್ಲಿ ನಡೆದು, ಹನ್ನೊಂದರ ಸುಮಾರಿಗೆ ಅರೋಲಾ ಸೇರಿದೆವು. ಸಂಜೆ ಜೆರ್ಮಾಟ್‌ನಲ್ಲಿದ್ದೆವು.

ಹತ್ತಿ ಹೋದ ಎರಡು ತಂಡಗಳೂ ಸಂಜೆ ಜೆರ್ಮಾಟ್ ತಲುಪಿದ್ದವು. ಬೀದಿಯಲ್ಲಿ ಸಿಕ್ಕರು. ಸುಸ್ತಾಗಿದ್ದರು, ನಗುತ್ತಿದ್ದರು. ಅವರಲ್ಲಿ ಒಬ್ಬ ಸ್ಟೋಕ್ಯಿಯಲ್ಲಿ ಹಿಮಸೇತುವೆ ಕುಸಿದು ಸೊಂಟದವರೆಗೆ ಒಳಗೆ ಹೋಗಿ, ತೋಳು ಚಾಚಿ ತಡೆದುಕೊಂಡಿದ್ದ. ಅದನ್ನೂ ನಗುತ್ತಲೇ ಹೇಳಿದ.

ಆ ರಾತ್ರಿ ಗಂಡ ಊಟ ಸರಿಯಾಗಿ ಮಾಡಲಿಲ್ಲ. "ಅವರು ಬಂದರಲ್ಲ. ನಾವೂ ಬರಬಹುದಿತ್ತು. ಇಷ್ಟು ದಿನ ನಡೆದು ಕೊನೆಯ ದಿನ ಬಸ್ಸಿನಲ್ಲಿ ಬಂದೆವು" ಅಂದರು. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಆ ಲೆಕ್ಕ ಸರಿಯಲ್ಲ. ಆ ತಂಡಗಳು ಪಾರಾದದ್ದು ಅವರ ತೀರ್ಮಾನ ಸರಿ ಅನ್ನುವುದಕ್ಕೆ ಪುರಾವೆ ಅಲ್ಲ. ಒದ್ದೆ ಹಿಮದ ಮೇಲೆ ತಡವಾಗಿ ಹೋದವರು ಎಷ್ಟೋ ಸಲ ಏನೂ ಆಗದೆ ಬರುತ್ತಾರೆ. ಅಲ್ಲೇ ಇರುವುದು ಅಪಾಯ. ಏನೂ ಆಗದ ಪ್ರತಿ ಸಲವೂ ಮುಂದಿನ ಸಲಕ್ಕೆ ಧೈರ್ಯ ಕೊಡುತ್ತದೆ. ತೀರ್ಮಾನವನ್ನು ಅಳೆಯಬೇಕಾದದ್ದು ಎಂಟು ಐವತ್ತಕ್ಕೆ ನಮಗೆ ಏನು ಗೊತ್ತಿತ್ತು ಅನ್ನುವುದರಿಂದ, ಸಂಜೆ ಯಾರು ಎಲ್ಲಿದ್ದರು ಅನ್ನುವುದರಿಂದ ಅಲ್ಲ.

ಇದರಿಂದ ಏನು ತಿಳಿಯುತ್ತದೆ

ಇದೇ ಪ್ರದೇಶದಲ್ಲಿ ದೊಡ್ಡ ದುರಂತಗಳಾಗಿವೆ. 2018ರ ಏಪ್ರಿಲ್ ಕೊನೆಯಲ್ಲಿ ಪೀನ್ಯ ದರೋಲಾ ಬಳಿ ಬಿರುಗಾಳಿಗೆ ಸಿಕ್ಕ ಸ್ಕೀಯರ್‌ಗಳು ವಿನ್ಯೆಟ್ ಹಟ್‌ನಿಂದ ಸ್ವಲ್ಪವೇ ದೂರದಲ್ಲಿ ಬಯಲಲ್ಲಿ ರಾತ್ರಿ ಕಳೆದರು. ಏಳು ಮಂದಿ ಸತ್ತರು. 2024ರ ಮಾರ್ಚ್‌ನಲ್ಲಿ ಜೆರ್ಮಾಟ್‌ನಿಂದ ಅರೋಲಾ ಕಡೆ ಹೊರಟ ಆರು ಮಂದಿ ತೆತ್ ಬ್ಲಾಂಶ್ ಬಳಿ ಬಿರುಗಾಳಿಗೆ ಸಿಕ್ಕಿದರು. ಐವರ ಶವ ಸಿಕ್ಕಿತು. ಆ ಸುದ್ದಿಗಳಿಂದ ನಮಗೆಲ್ಲ ಬಿರುಗಾಳಿಯ ಹೆದರಿಕೆ ಚೆನ್ನಾಗಿ ನಾಟಿದೆ. ಗಾಳಿಯಿಲ್ಲದ, ಬಿಸಿಲು ಬರುತ್ತಿರುವ ಬೆಚ್ಚಗಿನ ಬೆಳಗಿಗೆ ಹೆದರುವುದು ಇನ್ನೂ ಬಂದಿಲ್ಲ.

ಅಮೆರಿಕದ ಸಂಶೋಧಕ ಇಯಾನ್ ಮೆಕ್‌ಕ್ಯಾಮನ್ ಏಳುನೂರಕ್ಕೂ ಹೆಚ್ಚು ಹಿಮಕುಸಿತ ಅಪಘಾತಗಳನ್ನು ನೋಡಿ, ತಿಳಿದವರೂ ಬೀಳುವ ಬಲೆಗಳನ್ನು ಗುರುತಿಸಿದ್ದಾರೆ. ಪರಿಚಿತ ಜಾಗ, ಹೊರಟ ಮೇಲೆ ಮುಗಿಸಲೇಬೇಕು ಅನ್ನುವ ಹಟ, ಅನುಭವಿಯ ಮೇಲೆ ಕುರುಡು ನಂಬಿಕೆ, ಬೇರೆಯವರು ಹೋಗುತ್ತಿದ್ದಾರಲ್ಲ ಅನ್ನುವ ಸಮಾಧಾನ. ಮೋಂ ಬ್ರೂಲೆ ಬುಡದಲ್ಲಿ ಈ ನಾಲ್ಕೂ ನಮ್ಮ ಜೊತೆ ನಿಂತಿದ್ದವು. ಮುಂದಾಳಿಗೆ ಇವೆಲ್ಲ ಬಾಯಿಪಾಠ. ಗೊತ್ತಿದ್ದ ಮಾತ್ರಕ್ಕೆ ಕಾಲು ನಿಲ್ಲುವುದಿಲ್ಲ.

ಹಾಗಾದರೆ ಏನು ನಿಲ್ಲಿಸಿತು? ನಾನು ನಾಲ್ವರನ್ನೂ ಇದೇ ಪ್ರಶ್ನೆ ಕೇಳಿದೆ. ಮುಂದಾಳು ಹಿಮದ ಮೇಲಿನ ಅಂಕಿ ಅಂದರು. ಎದುರಿನ ಇಳಿಜಾರನ್ನು ಓದುವುದರಲ್ಲಿ ಅವರಿಗೆ ಸರಿಸಾಟಿ ಇಲ್ಲ, ಅದಕ್ಕೇ ಅವರ ಕಣ್ಣು ಅಲ್ಲೇ ನಿಂತಿತ್ತು. ಐದು ಗಂಟೆ ಕಳೆದ ಮೇಲೆ ಬರುವ ಇಳಿಜಾರನ್ನು ಯಾರಾದರೂ ಬರೆದು ತೋರಿಸಬೇಕಿತ್ತು. ಗಂಡ ಹೆಂಡತಿ ಇಬ್ಬರೂ ಬಸ್ ಅಂದರು. ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಹಿಮದ ಬಗ್ಗೆ ಎಷ್ಟು ವಾದ ಮಾಡಿದ್ದರೂ ಅವರು ಒಪ್ಪುತ್ತಿರಲಿಲ್ಲ, ಯಾಕೆಂದರೆ ಅವರನ್ನು ಮುಂದಕ್ಕೆ ನೂಕುತ್ತಿದ್ದದ್ದು ಹಿಮವಲ್ಲ, ಬ್ಯಾಗ್. ಬ್ಯಾಗಿನ ಸಮಸ್ಯೆಗೆ ಉತ್ತರ ಸಿಕ್ಕ ಕೂಡಲೇ ಹಿಮ ಕಣ್ಣಿಗೆ ಬಿತ್ತು.

ಬೆಳಿಗ್ಗೆ ಮಾತಾಡಿಕೊಂಡ ಗಡುವಿನ ಬಗ್ಗೆಯೂ ಹೇಳಬೇಕು. ಅದು ತಾನಾಗಿ ಕೆಲಸ ಮಾಡಲಿಲ್ಲ. ದಾಟಿದ ಮೇಲೂ ಎಲ್ಲರೂ ಅದನ್ನು ಎಳೆಯಲು ನೋಡಿದರು. ಆದರೆ ಅದಿಲ್ಲದಿದ್ದರೆ ಅಲ್ಲಿ ನಿಂತು ಮಾತಾಡುವ ಸಂದರ್ಭವೇ ಬರುತ್ತಿರಲಿಲ್ಲ. ಹೆಜ್ಜೆಗಳ ಹಿಂದೆ ಹೆಜ್ಜೆ ಇಟ್ಟು ಹತ್ತಿಬಿಡುತ್ತಿದ್ದೆವು. ಗಡುವು ಯಾರಿಗಾದರೂ ಒಬ್ಬರಿಗೆ ಬಾಯಿ ತೆರೆಯುವ ಹಕ್ಕು ಕೊಡುತ್ತದೆ. ಮಾತು ಕಡಿಮೆ ಆಡುವವರಿಗಂತೂ ಅದು ಬೇಕೇ ಬೇಕು.

ಬಸ್ಸಿನ ವಿಷಯವನ್ನು ಹಿಂದಿನ ರಾತ್ರಿಯೇ ಎಲ್ಲರಿಗೂ ಯಾಕೆ ಹೇಳಲಿಲ್ಲ ಅಂತ ಡಾಕ್ಟರ್‌ನ ಕೇಳಿದೆ. "ಕೊನೆಯ ರಾತ್ರಿ ವಾಪಸ್ ಬರುವ ಮಾತು ಆಡಿದರೆ ಅಪಶಕುನದ ಹಾಗೆ ನೋಡ್ತಾರೆ" ಅಂದರು. ಅವರ ಮಾತು ನಿಜ. ಹಟ್‌ನ ಕೊನೆಯ ರಾತ್ರಿ ಎಲ್ಲರೂ ಆಗಲೇ ಜೆರ್ಮಾಟ್‌ನಲ್ಲಿ ಕೂತು ಬಿಯರ್ ಕುಡಿಯುತ್ತಿರುತ್ತಾರೆ. ಆ ಹೊತ್ತಿನಲ್ಲಿ ಬಸ್ಸಿನ ವೇಳೆ ಕೇಳುವುದು ಕಷ್ಟ. ಮನೆಯಲ್ಲಿ ನಕ್ಷೆ ಹರಡಿಕೊಂಡು ಯೋಜನೆ ಮಾಡುವಾಗ ಕೇಳುವುದು ಕಷ್ಟವಲ್ಲ.

ಇದೇ ಐವರು ಮತ್ತೆ ಹೋಗುವ ಯೋಜನೆ ಹಾಕಿದ್ದೇವೆ. ಈ ಸಲ ಪಾಸ್‌ಪೋರ್ಟ್ ನೀರು ತಾಗದ ಚೀಲದಲ್ಲಿ ಬೆನ್ನ ಮೇಲೆ ಬರುತ್ತದೆ. ಜೆರ್ಮಾಟ್‌ನಲ್ಲಿ ಎರಡು ರಾತ್ರಿ, ವಿಮಾನ ಅದರ ಮರುದಿನ. ಪ್ರತಿ ದಿನದ ಹಾಳೆಯಲ್ಲಿ ಪಾಸ್‌ಗಳ ವೇಳೆಯ ಕೆಳಗೆ ಅಡ್ಡದಾರಿಯ ಊರು, ಬಸ್ಸಿನ ವೇಳೆ, ಕೊನೆಯ ಬಸ್ ಬರೆದಿದ್ದೇವೆ. ಹಾಳೆ ಟೈಪ್ ಮಾಡಿ ಎಲ್ಲರಿಗೂ ಕಳಿಸಿದವರು ಗಂಡ. ಆ ದಿನ ಹೋಗಬಹುದಿತ್ತು ಅಂತ ಅವರು ಈಗಲೂ ಹೇಳುತ್ತಾರೆ.